ಕಾರ್ಮಿಕ–ಪರಿಸರ ಮೈತ್ರಿ ಮತ್ತು ಹಸಿರು ಉದ್ಯೋಗ

ದುಡಿಯುವವರ ಸಂಘಗಳೂ ಪರಿಸರ ಸಂಘಟನೆಗಳೂ ಒಂದೇ ಬೇಡಿಕೆಯ ಬೆನ್ನಿಗೆ ನಿಲ್ಲುವುದನ್ನು ಕಾರ್ಮಿಕ–ಪರಿಸರ ಮೈತ್ರಿ ಎನ್ನುತ್ತಾರೆ. ಅಮೆರಿಕದಲ್ಲಿ ಇದಕ್ಕೆ ‘ಬ್ಲೂ–ಗ್ರೀನ್’ ಎಂಬ ಹೆಸರು ರೂಢಿಯಲ್ಲಿದೆ. ನೀಲಿ ಎಂದರೆ ಕಾರ್ಖಾನೆಯ ಅಂಗಿ, ಹಸಿರು ಎಂದರೆ ಕಾಡು. ಇಂಥ ಮೈತ್ರಿಗಳು ಇಪ್ಪತ್ತನೆಯ ಶತಮಾನದ ನಡುಭಾಗದಿಂದಲೂ ಇವೆ. ‘ಹಸಿರು ಉದ್ಯೋಗ’ ಎಂಬ ಮಾತು ಅವುಗಳ ಕೇಂದ್ರಕ್ಕೆ ಬಂದದ್ದು 2000ದ ನಂತರ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ (ಐಎಲ್‌ಒ) ಕಾರ್ಮಿಕರ, ಮಾಲೀಕರ ಜಾಗತಿಕ ಒಕ್ಕೂಟಗಳೊಡನೆ ಸೇರಿ 2008ರಲ್ಲಿ ಹೊರತಂದ ವರದಿ ಈ ಮಾತಿಗೆ ಒಂದು ಅರ್ಥ ಕೊಟ್ಟಿತು: ಪರಿಸರವನ್ನು ಉಳಿಸುವ ಅಥವಾ ಸರಿಪಡಿಸುವ ಕೆಲಸ, ಜೊತೆಗೆ ಗೌರವದಿಂದ ಬದುಕಲು ಸಾಲುವ ಕೆಲಸ. ಹಳೆಯ ವಸ್ತುಗಳ ಮರುಬಳಕೆಯಂಥ ಎಷ್ಟೋ ‘ಹಸಿರು’ ಕೆಲಸಗಳು ಕೊಳಕು, ಅಪಾಯ ಮತ್ತು ಕಡಿಮೆ ಕೂಲಿಯ ಕೆಲಸಗಳಾಗಿಯೇ ಉಳಿದಿವೆ ಎಂದು ಅದೇ ವರದಿ ಎಚ್ಚರಿಸಿತ್ತು. ಮೈತ್ರಿಗಳ ಇತಿಹಾಸವನ್ನು ಓದುವಾಗ ಈ ಎರಡನೆಯ ಅರ್ಧವನ್ನು ಮರೆಯಬಾರದು. ಕೈಜೋಡಿಸಿದವರು ಬೇರೆಯಾದದ್ದು ಹೆಚ್ಚಾಗಿ ಅಲ್ಲಿಯೇ.

ಹುಟ್ಟು: ಕಾರ್ಖಾನೆಯೊಳಗಿನ ಗಾಳಿ

ಪರಿಸರ ಚಳವಳಿಯೆಂದರೆ ಹೊಟ್ಟೆ ತುಂಬಿದವರ ಕಾಳಜಿ ಎಂಬ ಆಪಾದನೆ ಹಳೆಯದು. ಇತಿಹಾಸ ಅದಕ್ಕೆ ಒಪ್ಪುವುದಿಲ್ಲ. ಚಿಮಣಿಯಿಂದ ಹೊರಬಿದ್ದು ಊರನ್ನು ಮುತ್ತುವ ವಿಷವನ್ನು ಮೊದಲು ಉಸಿರಾಡುವವನು ಚಿಮಣಿಯ ಬುಡದಲ್ಲಿ ನಿಂತವನು. 1948ರ ಅಕ್ಟೋಬರ್ ಕೊನೆಯಲ್ಲಿ ಪೆನ್ಸಿಲ್ವೇನಿಯದ ಡೊನೋರಾ ಎಂಬ ಉಕ್ಕಿನ ಊರಿನ ಮೇಲೆ ಸತು ಕಾರ್ಖಾನೆಯ ಹೊಗೆ ಮಂಜಿನೊಡನೆ ಬೆರೆತು ದಿನಗಟ್ಟಲೆ ಕದಲದೆ ನಿಂತಿತು. 20 ಮಂದಿ ಸತ್ತರು, ಸಾವಿರಾರು ಜನ ಹಾಸಿಗೆ ಹಿಡಿದರು. ತನಿಖೆಗೆ ಹಣ ಕೊಡಲು ಮುಂದೆ ಬಂದವರಲ್ಲಿ ಉಕ್ಕು ಕಾರ್ಮಿಕರ ಸಂಘವೂ ಇತ್ತು. ಅದೇ ಸಂಘ ಮುಂದೆ ಶುದ್ಧ ಗಾಳಿಯ ಕಾನೂನಿಗಾಗಿ ಒತ್ತಾಯಿಸಿತು. ಪರಿಸರವನ್ನು ಬಿಟ್ಟು ಉದ್ಯೋಗ ಉಳಿಸಿಕೊಳ್ಳಲಾಗದು ಎಂದು 1990ರಲ್ಲಿ ತನ್ನದೇ ವರದಿ ಪ್ರಕಟಿಸಿತು.

ಕ್ಯಾಲಿಫೋರ್ನಿಯದ ದ್ರಾಕ್ಷಿ ತೋಟಗಳಲ್ಲಿ ಸೀಸರ್ ಚಾವೆಸ್ ನಾಯಕತ್ವದ ಕೃಷಿ ಕಾರ್ಮಿಕರ ಸಂಘ ಕೂಲಿಯ ಜೊತೆಗೆ ಕೀಟನಾಶಕವನ್ನೂ ಚೌಕಾಸಿಯ ಮೇಜಿನ ಮೇಲಿಟ್ಟಿತು. ಅಮೆರಿಕ ಸರ್ಕಾರ ಡಿಡಿಟಿಯನ್ನು ನಿಷೇಧಿಸಿದ್ದು 1972ರಲ್ಲಿ. ಸಂಘದ ಒಪ್ಪಂದಗಳು ಅದಕ್ಕೂ ಮೊದಲೇ ತೋಟಗಳಲ್ಲಿ ಅದನ್ನು ಕೂಡದೆಂದಿದ್ದವು. 1970ರ ಏಪ್ರಿಲ್ 22ರ ಮೊದಲ ಭೂಮಿ ದಿನಕ್ಕೆ ಬೆನ್ನೆಲುಬಾಗಿ ಹಣ ಕೊಟ್ಟವರಲ್ಲಿ ವಾಲ್ಟರ್ ರಾಯ್ಥರ್ ಅವರ ಮೋಟಾರು ಕಾರ್ಮಿಕರ ಸಂಘ ಪ್ರಮುಖವಾಗಿತ್ತು. ಕಾರು ತಯಾರಿಸುವವರೇ ಹೊಗೆಯ ವಿರುದ್ಧದ ದಿನಕ್ಕೆ ಹಣ ಕೊಟ್ಟದ್ದು ಇಂದು ಹೆಚ್ಚಿನವರ ನೆನಪಿನಲ್ಲಿಲ್ಲ.

ಇವರೆಲ್ಲರಲ್ಲಿ ಹೆಚ್ಚು ದೂರ ಯೋಚಿಸಿದವರು ತೈಲ, ರಾಸಾಯನಿಕ ಮತ್ತು ಪರಮಾಣು ಕಾರ್ಮಿಕರ ಸಂಘದ ಟೋನಿ ಮಜೋಕಿ. 1973ರಲ್ಲಿ ಶೆಲ್ ಕಂಪನಿಯ ಶುದ್ಧೀಕರಣ ಘಟಕಗಳಲ್ಲಿ ಅವರ ಸಂಘ ಹೂಡಿದ ಮುಷ್ಕರದಲ್ಲಿ ಮುಖ್ಯ ಪ್ರಶ್ನೆ ಪಗಾರದ್ದಾಗಿರಲಿಲ್ಲ. ತಾವು ಯಾವ ವಿಷದೊಡನೆ ದಿನ ಕಳೆಯುತ್ತಿದ್ದೇವೆಂದು ತಿಳಿಯುವ ಹಕ್ಕು, ವೈದ್ಯಕೀಯ ತಪಾಸಣೆ, ಸುರಕ್ಷತೆಯ ನಿರ್ಧಾರದಲ್ಲಿ ಸಂಘಕ್ಕೊಂದು ಕುರ್ಚಿ, ಇವು ಬೇಡಿಕೆಗಳು. ಸಿಯೆರಾ ಕ್ಲಬ್ ಸೇರಿದಂತೆ ದೇಶದ ಪರಿಸರ ಸಂಘಟನೆಗಳು ಮುಷ್ಕರವನ್ನು ಬಹಿರಂಗವಾಗಿ ಬೆಂಬಲಿಸಿ, ಶೆಲ್ ಬಹಿಷ್ಕಾರಕ್ಕೆ ದನಿಗೂಡಿಸಿದವು. ಬೇಲಿಯ ಒಳಗಿನ ವಿಷವೂ ಹೊರಗಿನ ವಿಷವೂ ಒಂದೇ ಎಂಬ ತಿಳಿವಳಿಕೆ ಆಗ ಗಟ್ಟಿಯಾಯಿತು.

ಮಜೋಕಿ ಅವರನ್ನು ಇನ್ನೊಂದು ಪ್ರಶ್ನೆ ಕಾಡುತ್ತಿತ್ತು. ಕೆಲವು ವಸ್ತುಗಳನ್ನು ತಯಾರಿಸುವುದನ್ನೇ ಜಗತ್ತು ನಿಲ್ಲಿಸಬೇಕಾಗುತ್ತದೆ. ಆಗ ಅವನ್ನು ತಯಾರಿಸುತ್ತಿದ್ದವರ ಪಾಡೇನು? ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ 1944ರ ಕಾನೂನಿನಡಿ ಸರ್ಕಾರ ಓದಿನ ಖರ್ಚನ್ನೂ ಜೀವನಭತ್ಯೆಯನ್ನೂ ಕೊಟ್ಟಿತ್ತು. ಮಜೋಕಿ ಕೂಡ ಆ ಯುದ್ಧದಲ್ಲಿದ್ದವರು. ವಿಷಭೂಮಿಯನ್ನು ಶುದ್ಧ ಮಾಡಲು 1980ರಲ್ಲಿ ‘ಸೂಪರ್‌ಫಂಡ್’ ಎಂಬ ನಿಧಿ ಸ್ಥಾಪನೆಯಾದಾಗ, ಮಣ್ಣಿಗೆ ನಿಧಿ ಇರುವಾಗ ಮನುಷ್ಯರಿಗೇಕೆ ಇಲ್ಲ ಎಂಬ ತರ್ಕ ಅವರದಾಯಿತು. 1990ರ ದಶಕದಲ್ಲಿ ಇದೇ ವಿಚಾರ ‘ನ್ಯಾಯಯುತ ಪರಿವರ್ತನೆ’ ಎಂಬ ಹೆಸರು ಪಡೆದು, 2015ರ ಪ್ಯಾರಿಸ್ ಒಪ್ಪಂದದ ಪೀಠಿಕೆಯವರೆಗೂ ತಲುಪಿತು.

ಸಿಡ್ನಿ, ಬ್ರಿಟನ್, ಅಕ್ರೆ

1971ರಲ್ಲಿ ಸಿಡ್ನಿಯ ಹಂಟರ್ಸ್ ಹಿಲ್ ಬಡಾವಣೆಯ ಹದಿಮೂರು ಗೃಹಿಣಿಯರು ಕೆಲ್ಲೀಸ್ ಬುಷ್ ಎಂಬ ಕುರುಚಲು ಕಾಡನ್ನು ಉಳಿಸಲು ಎಲ್ಲ ಬಾಗಿಲುಗಳನ್ನೂ ತಟ್ಟಿ ಸೋತು, ಕೊನೆಗೆ ಕಟ್ಟಡ ಕಾರ್ಮಿಕರ ಸಂಘಕ್ಕೆ ಬಂದರು. ಸಂಘದ ಮುಖಂಡ ಜ್ಯಾಕ್ ಮಂಡಿ ಕಮ್ಯುನಿಸ್ಟರು. ಬಂದವರು ಉಳ್ಳವರ ಬಡಾವಣೆಯವರು. ನಿವಾಸಿಗಳ ಸಾರ್ವಜನಿಕ ಸಭೆ ಕರೆಯಿರಿ, ಊರಿಗೇ ಬೇಕಾದ ಬೇಡಿಕೆಯಾದರೆ ನಾವು ಅಲ್ಲಿ ಕೆಲಸ ಮಾಡುವುದಿಲ್ಲ ಎಂದು ಸಂಘ ಹೇಳಿತು. ಸಭೆ ತುಂಬಿತು, ಕೆಲಸ ನಿಂತಿತು. ಹೀಗೆ ಹುಟ್ಟಿದ ‘ಗ್ರೀನ್ ಬ್ಯಾನ್’ ಮುಂದಿನ ಮೂರು ವರ್ಷಗಳಲ್ಲಿ ನಲವತ್ತಕ್ಕೂ ಹೆಚ್ಚು ಯೋಜನೆಗಳನ್ನು ತಡೆಯಿತು. ಬಂದರಿನ ಬದಿಯ ದ ರಾಕ್ಸ್ ಬಡಾವಣೆ ಇಂದಿಗೂ ಉಳಿದಿರುವುದು ಇದರಿಂದಲೇ. ಅಲ್ಲಿದ್ದವರು ಕಡಿಮೆ ಆದಾಯದ ಬಾಡಿಗೆದಾರರು. ಸಂಘ ಕೈಬಿಟ್ಟದ್ದು ತನ್ನ ಸದಸ್ಯರ ಕೂಲಿಯನ್ನೇ ಎಂಬುದನ್ನು ಇಲ್ಲಿ ಗಮನಿಸಬೇಕು. ನಮ್ಮ ಕೈಗಳು ಏನನ್ನು ಕಟ್ಟಬೇಕೆಂದು ಹೇಳುವ ಹಕ್ಕೂ ನಮ್ಮದೇ ಎಂಬುದು ಅವರ ನಿಲುವಾಗಿತ್ತು. 1975ರ ಹೊತ್ತಿಗೆ ಸಂಘದ ರಾಷ್ಟ್ರೀಯ ನಾಯಕತ್ವವೇ ಸಿಡ್ನಿಯ ಶಾಖೆಯನ್ನು ವಶಕ್ಕೆ ತೆಗೆದುಕೊಂಡು, ಈ ಮುಖಂಡರನ್ನು ಹೊರಹಾಕಿತು.

ಬ್ರಿಟನ್ನಿನಲ್ಲಿ ಲೂಕಾಸ್ ಏರೋಸ್ಪೇಸ್ ಕಂಪನಿ ಕಾರ್ಮಿಕರನ್ನು ಕಡಿತಗೊಳಿಸಲು ಹೊರಟಾಗ, ಹಲವು ಘಟಕಗಳ ಕಾರ್ಮಿಕ ಪ್ರತಿನಿಧಿಗಳು 1976ರಲ್ಲಿ ತಮ್ಮದೇ ಯೋಜನೆಯನ್ನು ಮುಂದಿಟ್ಟರು. ಯುದ್ಧವಿಮಾನದ ಭಾಗಗಳ ಬದಲು ಅದೇ ಯಂತ್ರಗಳಲ್ಲಿ ತಯಾರಿಸಬಹುದಾದ ಸುಮಾರು 150 ವಸ್ತುಗಳ ಪಟ್ಟಿ ಅದು: ಹೀಟ್ ಪಂಪ್, ಗಾಳಿಯಂತ್ರ, ಪೆಟ್ರೋಲು–ವಿದ್ಯುತ್ ಎರಡರಲ್ಲೂ ಓಡುವ ವಾಹನ, ಅಂಗವಿಕಲ ಮಕ್ಕಳಿಗೆ ಗಾಡಿ. ಕಂಪನಿ ಒಪ್ಪಲಿಲ್ಲ. ಯೋಜನೆಯ ಮುಂಚೂಣಿಯಲ್ಲಿದ್ದ ಎಂಜಿನಿಯರ್ ಮೈಕ್ ಕೂಲಿ ಅವರಿಗೆ 1981ರಲ್ಲಿ ರೈಟ್ ಲೈವ್‌ಲಿಹುಡ್ ಪ್ರಶಸ್ತಿ ಬಂತು. ಪಟ್ಟಿಯಲ್ಲಿದ್ದ ಎಷ್ಟೋ ವಸ್ತುಗಳು ಈಗ ಅಂಗಡಿಯಲ್ಲಿ ಸಿಗುತ್ತವೆ.

ಬ್ರೆಜಿಲ್‌ನ ಅಕ್ರೆ ರಾಜ್ಯದ ಶಾಪುರಿಯಲ್ಲಿ ರಬ್ಬರ್ ಹಾಲು ಇಳಿಸುತ್ತಿದ್ದ ಚಿಕೊ ಮೆಂಡೆಸ್ ಅವರನ್ನು ಜಗತ್ತು ಕಾಡಿನ ಹುತಾತ್ಮನೆಂದು ನೆನೆಯುತ್ತದೆ. ಅವರು ಮೊದಲು ಗ್ರಾಮೀಣ ಕಾರ್ಮಿಕ ಸಂಘದ ಮುಖಂಡರು. ದನ ಸಾಕುವ ಜಮೀನ್ದಾರರು ಕಾಡು ಕಡಿಸಲು ಆಳುಗಳನ್ನು ಕಳುಹಿಸಿದಾಗ, ಹೆಂಗಸರು ಮಕ್ಕಳೊಡನೆ ಸಾಲುಗಟ್ಟಿ ನಿಂತು ತಡೆಯುವುದು ಅವರ ಸಂಘದ ಹೋರಾಟದ ರೀತಿ. ಅಮೆರಿಕದ ಪರಿಸರವಾದಿಗಳು 1987ರಲ್ಲಿ ಅವರನ್ನು ವಾಷಿಂಗ್ಟನ್ನಿಗೆ ಕರೆದೊಯ್ದರು. ಅಮೆಜಾನ್ ಸೀಳುವ ರಸ್ತೆಗೆ ಸಾಲ ಕೊಡುತ್ತಿದ್ದ ಬ್ಯಾಂಕುಗಳ ಮುಂದೆ ಅವರು ಮಾತಾಡಿದರು. 1988ರ ಡಿಸೆಂಬರ್ 22ರಂದು ಮನೆಯ ಹಿತ್ತಲ ಬಾಗಿಲಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಕಾಡಿನಲ್ಲೇ ಇದ್ದು ಕಾಡಿನ ಉತ್ಪನ್ನದಿಂದ ಬದುಕುವವರಿಗೆ ಮೀಸಲಾದ ಅರಣ್ಯ ಎಂಬ ಅವರ ಸಂಘದ ಕಲ್ಪನೆ 1990ರಲ್ಲಿ ಕಾನೂನಿನ ರೂಪ ಪಡೆಯಿತು. ಹಸಿರು ಉದ್ಯೋಗ ಎಂಬ ಪದ ಆಗ ಚಲಾವಣೆಯಲ್ಲಿರಲಿಲ್ಲ. ಮರ ಉಳಿದರೆ ಮಾತ್ರ ಉಳಿಯುವ ಕೆಲಸಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಸಿಗುವುದು ಕಷ್ಟ.

ಸಿಯಾಟಲ್‌ನಿಂದ ಪಿಟ್ಸ್‌ಬರ್ಗ್‌ಗೆ

ಅಮೆರಿಕದಲ್ಲಿ 1980–90ರ ದಶಕಗಳು ಎರಡೂ ಪಾಳಯಗಳ ನಡುವೆ ಕಹಿ ಬೆಳೆದ ಕಾಲ. ವಾಯವ್ಯ ಕರಾವಳಿಯ ಹಳೆಯ ಕಾಡುಗಳ ಚುಕ್ಕೆಗೂಬೆಯನ್ನು 1990ರಲ್ಲಿ ಅಪಾಯದಂಚಿನ ಪಟ್ಟಿಗೆ ಸೇರಿಸಿದಾಗ, ಮರ ಕಡಿಯುವವರೂ ಗರಗಸದ ಮಿಲ್ಲಿನವರೂ ಗೂಬೆಯನ್ನೇ ಶತ್ರುವೆಂದು ಕಂಡರು. ಯಂತ್ರಗಳೂ ದಿಮ್ಮಿಗಳ ರಫ್ತೂ ಅದಕ್ಕೂ ಮೊದಲಿನಿಂದಲೇ ಕೆಲಸ ತಿನ್ನುತ್ತಿದ್ದವು. ಆದರೆ ಕೆಲಸ ಕಳೆದುಕೊಂಡವನಿಗೆ ಹೇಳಲು ಪರಿಸರವಾದಿಗಳ ಬಳಿ ಆಗ ಏನೂ ಇರಲಿಲ್ಲ.

ಗಂಟು ಬಿಚ್ಚಿದ್ದು ಒಬ್ಬ ಮಾಲೀಕನ ಎರಡು ಕಂಪನಿಗಳಿಂದ. ಮ್ಯಾಕ್ಸಾಮ್ ಎಂಬ ಸಂಸ್ಥೆಯ ಹಿಡಿತದಲ್ಲಿ ಕ್ಯಾಲಿಫೋರ್ನಿಯದ ಪುರಾತನ ರೆಡ್‌ವುಡ್ ಮರಗಳನ್ನು ಕಡಿಯುತ್ತಿದ್ದ ಪೆಸಿಫಿಕ್ ಲಂಬರ್ ಇತ್ತು. ಕೈಸರ್ ಅಲ್ಯುಮಿನಿಯಂ ಕೂಡ ಇತ್ತು. ಕೈಸರ್‌ನ ಸುಮಾರು 3,000 ಉಕ್ಕು ಸಂಘದ ಸದಸ್ಯರು 1998ರಲ್ಲಿ ಮುಷ್ಕರ ಹೂಡಿದರು, 1999ರ ಜನವರಿಯಲ್ಲಿ ಕಂಪನಿ ಲಾಕೌಟ್ ಘೋಷಿಸಿತು. ಕಡಿತ ತಡೆಯಲು ಮರದ ಮೇಲೆ ಕೂತವರಿಗೂ ಗೇಟಿನ ಹೊರಗೆ ನಿಂತವರಿಗೂ ಎದುರಾಳಿ ಒಬ್ಬನೇ ಎಂಬುದು ಹೀಗೆ ಕಣ್ಣಿಗೆ ಕಂಡಿತು. ಅದೇ ವರ್ಷ ಉಕ್ಕು ಕಾರ್ಮಿಕರೂ ಹಿರಿಯ ಪರಿಸರವಾದಿ ಡೇವಿಡ್ ಬ್ರೋವರ್ ಮೊದಲಾದವರೂ ‘ಹ್ಯೂಸ್ಟನ್ ತತ್ವಗಳು’ ಎಂಬ ಘೋಷಣೆಗೆ ಸಹಿ ಮಾಡಿದರು. ನವೆಂಬರ್ ಕೊನೆಗೆ ಸಿಯಾಟಲ್‌ನಲ್ಲಿ ವಿಶ್ವ ವಾಣಿಜ್ಯ ಸಂಸ್ಥೆಯ ಸಭೆಯ ವಿರುದ್ಧ ಲಾರಿ ಚಾಲಕರ ಸಂಘವೂ ಕಡಲಾಮೆಯ ವೇಷ ತೊಟ್ಟ ಯುವಕರೂ ಒಂದೇ ಬೀದಿಯಲ್ಲಿ ನಡೆದರು.

ಆ ಆಮೆಯ ವೇಷಕ್ಕೆ ಭಾರತದ ಸಂಬಂಧವಿದೆ. ಆಮೆಗಳನ್ನು ಕೊಲ್ಲುವ ಬಲೆಯಿಂದ ಹಿಡಿದ ಸಿಗಡಿಗೆ ಅಮೆರಿಕ ಹಾಕಿದ್ದ ತಡೆಯನ್ನು ವಾಣಿಜ್ಯ ಸಂಸ್ಥೆಯಲ್ಲಿ ಪ್ರಶ್ನಿಸಿದ ನಾಲ್ಕು ದೇಶಗಳಲ್ಲಿ ಭಾರತವೂ ಒಂದು. ವ್ಯಾಪಾರಕ್ಕೆ ಕಾರ್ಮಿಕ ಷರತ್ತು ಜೋಡಿಸುವುದನ್ನು ನಮ್ಮ ಕೇಂದ್ರೀಯ ಕಾರ್ಮಿಕ ಸಂಘಗಳು ಆಗ ವಿರೋಧಿಸಿದ್ದವು. ಅಲ್ಲಿ ಒಗ್ಗಟ್ಟಾಗಿ ಕಂಡದ್ದು ಇಲ್ಲಿಂದ ನೋಡುವವರಿಗೆ ಶ್ರೀಮಂತ ದೇಶದ ಬಾಗಿಲು ಮುಚ್ಚುವ ಉಪಾಯವಾಗಿಯೂ ಕಂಡಿತು. ಈ ಅನುಮಾನ ಸಕಾರಣವಾದದ್ದು, ಇನ್ನೂ ಪೂರ್ತಿ ಹೋಗಿಲ್ಲ.

2006ರಲ್ಲಿ ಉಕ್ಕು ಕಾರ್ಮಿಕರ ಸಂಘದ ಲಿಯೊ ಜೆರಾರ್ಡ್ ಮತ್ತು ಸಿಯೆರಾ ಕ್ಲಬ್‌ನ ಕಾರ್ಲ್ ಪೋಪ್ ಸೇರಿ ‘ಬ್ಲೂಗ್ರೀನ್ ಅಲಯನ್ಸ್’ ಎಂಬ ಶಾಶ್ವತ ಸಂಸ್ಥೆಯನ್ನೇ ಕಟ್ಟಿದರು. ಅದರ ‘ಒಳ್ಳೆಯ ಕೆಲಸ, ಹಸಿರು ಕೆಲಸ’ ಎಂಬ ಮೊದಲ ರಾಷ್ಟ್ರೀಯ ಸಮ್ಮೇಳನ 2008ರಲ್ಲಿ ಉಕ್ಕಿನ ನಗರ ಪಿಟ್ಸ್‌ಬರ್ಗ್‌ನಲ್ಲಿ ನಡೆಯಿತು. ಅದೇ ಪೆನ್ಸಿಲ್ವೇನಿಯದಲ್ಲಿ ಸ್ಪೇನಿನ ಗಮೇಸಾ ಕಂಪನಿ ಹಳೆಯ ಉಕ್ಕಿನ ಕಾರ್ಖಾನೆಯ ಜಾಗದಲ್ಲಿ ಗಾಳಿಯಂತ್ರಗಳ ಘಟಕ ತೆರೆದಿತ್ತು. ಕಾರ್ಮಿಕರು ಉಕ್ಕು ಸಂಘಕ್ಕೇ ಸೇರಿದ್ದರು. ಮೈತ್ರಿಯ ಭಾಷಣಗಳಲ್ಲೆಲ್ಲ ಈ ಉದಾಹರಣೆ ಬರುತ್ತಿತ್ತು. ಕೆಲವೇ ವರ್ಷಗಳಲ್ಲಿ ಸರ್ಕಾರದ ತೆರಿಗೆ ರಿಯಾಯಿತಿ ಏರಿಳಿದಂತೆ ಬೇಡಿಕೆಯೂ ಕುಸಿದು, ಆ ರಾಜ್ಯದ ಘಟಕಗಳು ಮುಚ್ಚಿದವು.

ಲಾಸ್ ಏಂಜಲೀಸ್ ಬಂದರಿನ ಲಾರಿಗಳು

ಗೆಲುವೂ ಸೋಲೂ ಒಂದೇ ಒಪ್ಪಂದದಲ್ಲಿ ಬೆರೆತ ಪ್ರಕರಣ ಇದು. ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಅವಳಿ ಬಂದರುಗಳಿಂದ ಕಂಟೇನರ್ ಸಾಗಿಸುತ್ತಿದ್ದ ಸಾವಿರಾರು ಹಳೆಯ ಡೀಸೆಲ್ ಲಾರಿಗಳ ಹೊಗೆ ಸುತ್ತಲಿನ ಬಡ ಬಡಾವಣೆಗಳ ಮಕ್ಕಳ ಎದೆಗೆ ಇಳಿಯುತ್ತಿತ್ತು. ಚಾಲಕರು ಹೆಚ್ಚಿನವರು ವಲಸೆ ಬಂದವರು. ಕಾಗದದ ಮೇಲೆ ‘ಸ್ವತಂತ್ರ ಗುತ್ತಿಗೆದಾರರು’. ಲಾರಿ, ಡೀಸೆಲ್, ರಿಪೇರಿ ಎಲ್ಲ ಅವರದೇ ಖರ್ಚು. ಹೊಸ ಲಾರಿ ಕೊಳ್ಳುವ ಶಕ್ತಿ ಇಲ್ಲದ್ದರಿಂದಲೇ ಹಳೆಯ ಲಾರಿ ಓಡುತ್ತಿತ್ತು. ಇದನ್ನು ಅರಿತ ಚಾಲಕರ ಸಂಘ, ಪರಿಸರ ಸಂಘಟನೆಗಳು, ಆರೋಗ್ಯ ಕಾರ್ಯಕರ್ತರು ಸೇರಿ ಒಂದು ಸೂತ್ರ ಮುಂದಿಟ್ಟರು: ಲಾರಿ ಹೊಸದಾಗಲಿ, ಅದರ ಖರ್ಚನ್ನು ಸಾಗಣೆ ಕಂಪನಿಗಳು ಹೊರಲಿ, ಚಾಲಕರನ್ನು ಅವು ನೌಕರರನ್ನಾಗಿ ನೇಮಿಸಿಕೊಳ್ಳಲಿ.

2008ರ ಅಕ್ಟೋಬರ್ 1ರಂದು ಯೋಜನೆ ಜಾರಿಗೆ ಬಂತು. ಕೆಲವೇ ವರ್ಷಗಳಲ್ಲಿ ಲಾರಿಗಳ ಹೊಗೆ ಬಹುಪಾಲು ಇಳಿಯಿತು. ಆದರೆ ಲಾರಿ ಮಾಲೀಕರ ಒಕ್ಕೂಟ ನ್ಯಾಯಾಲಯಕ್ಕೆ ಹೋಗಿ, 2011ರಲ್ಲಿ ಮೇಲ್ಮನವಿ ನ್ಯಾಯಾಲಯದಿಂದ ನೇಮಕಾತಿಯ ಷರತ್ತನ್ನು ರದ್ದುಮಾಡಿಸಿತು. ಹೊಸ ಲಾರಿ ಕಡ್ಡಾಯವೆಂಬ ಷರತ್ತು ಉಳಿಯಿತು. ಅದರ ಕಂತು ಚಾಲಕನ ದುಡಿಮೆಯಿಂದ ಮುರಿಯತೊಡಗಿತು. ವಾರವಿಡೀ ಓಡಿಸಿಯೂ ಕೈಗೆ ಬಹಳ ಕಡಿಮೆ ಸಿಕ್ಕವರು ಇದ್ದರು. ಮುಂದಿನ ವರ್ಷಗಳಲ್ಲಿ ಚಾಲಕರು ಮತ್ತೆ ಮತ್ತೆ ಮುಷ್ಕರ ಹೂಡಿದರು. ಹೊಸ ಲಾರಿ ಮತ್ತು ನೌಕರಿ ಒಂದೇ ಕಾನೂನಿನ ಎರಡು ಕಾಲುಗಳಾಗಿದ್ದವು. ಒಂದನ್ನು ಕತ್ತರಿಸಿದ ಮೇಲೆ ಶುದ್ಧ ಗಾಳಿಯ ಬೆಲೆಯನ್ನು ತೆತ್ತವನು ಆ ಸಾಲಿನಲ್ಲೇ ಅತಿ ಬಡವ.

ಬಿರುಕುಗಳು, ಒಪ್ಪಂದಗಳು

ಕೆನಡದ ಟಾರ್ ಮರಳಿನ ತೈಲವನ್ನು ತರಲು ಹೊರಟ ಕೀಸ್ಟೋನ್ ಎಕ್ಸ್‌ಎಲ್ ಕೊಳವೆಮಾರ್ಗ ಬ್ಲೂಗ್ರೀನ್ ಅಲಯನ್ಸ್ ಅನ್ನೇ ಸೀಳಿತು. ಕೊಳವೆ ಹಾಕುವ ಕೆಲಸ ಬೇಕಿದ್ದ ನಿರ್ಮಾಣ ಕೂಲಿಕಾರರ ಸಂಘ 2012ರ ಜನವರಿಯಲ್ಲಿ ಹೊರನಡೆಯಿತು. ಬಸ್ಸು–ರೈಲು ನೌಕರರ ಎರಡು ಸಂಘಗಳು ಅದೇ ಯೋಜನೆಯನ್ನು ವಿರೋಧಿಸಿದ್ದವು. ಕಾರ್ಮಿಕರೆಂದರೆ ಒಂದೇ ಅಭಿಪ್ರಾಯವಲ್ಲ. ಇಂದಿನ ಕೂಲಿ ಯಾರಿಗೆ ಎಲ್ಲಿಂದ ಬರುತ್ತದೆ ಎಂಬುದರ ಮೇಲೆ ನಿಲುವು ಬದಲಾಗುತ್ತದೆ.

ಗಟ್ಟಿ ಒಪ್ಪಂದಗಳಲ್ಲಿ ಮೊತ್ತ, ದಿನಾಂಕ, ಹೆಸರು ಎಲ್ಲವೂ ಕಾಗದದ ಮೇಲಿದ್ದವು. ವಾಷಿಂಗ್ಟನ್ ರಾಜ್ಯದ ಸೆಂಟ್ರೇಲಿಯ ಕಲ್ಲಿದ್ದಲು ಸ್ಥಾವರವನ್ನು ಹಂತಹಂತವಾಗಿ 2020 ಮತ್ತು 2025ರೊಳಗೆ ಮುಚ್ಚಲು 2011ರಲ್ಲಿ ಕಂಪನಿ, ಸಂಘ, ಪರಿಸರ ಗುಂಪುಗಳು, ರಾಜ್ಯ ಸರ್ಕಾರ ಒಪ್ಪಿದಾಗ, ಊರಿಗಾಗಿ 5.5 ಕೋಟಿ ಡಾಲರ್ ಎತ್ತಿಡಲಾಯಿತು. ಕ್ಯಾಲಿಫೋರ್ನಿಯದ ಡಯಾಬ್ಲೊ ಕ್ಯಾನ್ಯನ್ ಪರಮಾಣು ಸ್ಥಾವರವನ್ನು ಮುಚ್ಚುವ ವಿಚಾರದಲ್ಲಿ 2016ರಲ್ಲಿ ವಿದ್ಯುತ್ ಕಾರ್ಮಿಕರ ಸಂಘ ಮತ್ತು ಬ್ರೋವರ್ ಸ್ಥಾಪಿಸಿದ್ದ ‘ಫ್ರೆಂಡ್ಸ್ ಆಫ್ ದಿ ಅರ್ತ್’ ಒಂದೇ ಕಾಗದಕ್ಕೆ ಸಹಿ ಹಾಕಿದವು; 2022ರಲ್ಲಿ ವಿದ್ಯುತ್ ಕೊರತೆಯ ಭಯದಿಂದ ರಾಜ್ಯವೇ ಸ್ಥಾವರದ ಆಯುಸ್ಸನ್ನು ಮುಂದುವರಿಸಿತು. ಜರ್ಮನಿಯ ಕಲ್ಲಿದ್ದಲು ಆಯೋಗದಲ್ಲಿ ಸಂಘಗಳೂ ಗ್ರೀನ್‌ಪೀಸ್‌ನಂಥ ಸಂಘಟನೆಗಳೂ ಕೂತು, 2019ರ ಜನವರಿಯಲ್ಲಿ 2038ನ್ನು ಕೊನೆಯ ವರ್ಷವೆಂದು ಶಿಫಾರಸು ಮಾಡಿದವು. ಗಣಿ ಪ್ರದೇಶಗಳಿಗೆ 4,000 ಕೋಟಿ ಯೂರೊ. ವರ್ಷ ತೀರಾ ತಡವೆಂಬ ಭಿನ್ನಮತವನ್ನು ಪರಿಸರ ಸದಸ್ಯರು ಮುಚ್ಚಿಡಲಿಲ್ಲ.

ಯುರೋಪಿನ ಹೊಸ ಮೈತ್ರಿಗಳು ಇನ್ನೂ ಕೆಳಗಿನಿಂದ ಬಂದವು. ಫ್ಲಾರೆನ್ಸ್ ಬಳಿಯ ಜಿಕೆಎನ್ ಬಿಡಿಭಾಗ ಕಾರ್ಖಾನೆ 2021ರ ಜುಲೈ 9ರಂದು 422 ಕಾರ್ಮಿಕರನ್ನು ಇಮೇಲ್ ಮೂಲಕ ತೆಗೆದುಹಾಕಿತು. ಕಾರ್ಖಾನೆಯೊಳಗೇ ಬೀಡುಬಿಟ್ಟ ಕಾರ್ಮಿಕರು ಹವಾಮಾನ ಚಳವಳಿಯ ಯುವಜನರೊಡನೆ ಸೇರಿ, ಸೌರಫಲಕ ಮತ್ತು ಸರಕು ಸೈಕಲ್ ತಯಾರಿಸುವ ಸಹಕಾರಿ ಯೋಜನೆ ಬರೆದರು. ಜರ್ಮನಿಯಲ್ಲಿ 2024ರ ಮಾರ್ಚ್ 1ರಂದು ನಗರ ಸಾರಿಗೆ ನೌಕರರ ಮುಷ್ಕರದ ಜೊತೆಗೇ ಫ್ರೈಡೇಸ್ ಫಾರ್ ಫ್ಯೂಚರ್ ಬೀದಿಗಿಳಿಯಿತು: ಬಸ್ಸು ಹೆಚ್ಚಬೇಕಾದರೆ ಓಡಿಸುವವರು ಉಳಿಯಬೇಕು, ಉಳಿಯಬೇಕಾದರೆ ಸಂಬಳ ಮತ್ತು ವಿಶ್ರಾಂತಿ ಬೇಕು.

ಅಮೆರಿಕದ 2022ರ ಹಣದುಬ್ಬರ ಇಳಿಕೆ ಕಾಯ್ದೆ ಈ ಮೈತ್ರಿಗಳ ಬಹುದೊಡ್ಡ ಶಾಸನಬದ್ಧ ಫಲ. ಆ ಪ್ರದೇಶದ ರೂಢಿಯ ಕೂಲಿ ಕೊಟ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವ ಸೌರ, ಪವನ ಯೋಜನೆಗಳಿಗೆ ತೆರಿಗೆ ರಿಯಾಯಿತಿ ಐದು ಪಟ್ಟು, ಅಂದರೆ ಶೇಕಡ 6ರ ಬದಲು 30. 2025ರ ಜುಲೈನ ಕಾನೂನು ಸೌರ, ಪವನ ರಿಯಾಯಿತಿಗಳ ಅವಧಿಯನ್ನು ಮೊಟಕುಗೊಳಿಸಿತು.

ಭಾರತ

ನಮ್ಮಲ್ಲಿ ಬ್ಲೂಗ್ರೀನ್‌ನಂಥ ಸಂಸ್ಥೆ ಬೆಳೆಯಲಿಲ್ಲ. ದುಡಿಯುವವರಲ್ಲಿ ಬಹುಪಾಲು ಜನ ಸಂಘದ ಹೊರಗಿರುವಾಗ ಅದು ಸಹಜ. ಆದರೆ ಸಂಘವೇ ಪರಿಸರ ಚಳವಳಿಯೂ ಆದ ಉದಾಹರಣೆಗಳು ಇಲ್ಲಿವೆ. ಭಿಲಾಯಿ ಉಕ್ಕಿನ ಕಾರ್ಖಾನೆಗೆ ಅದಿರು ಕೊಡುವ ದಲ್ಲಿ ರಾಜಹರಾ ಗಣಿಗಳಲ್ಲಿ 1977ರಲ್ಲಿ ಹುಟ್ಟಿದ ಸಂಘದ ನಾಯಕ ಶಂಕರ ಗುಹಾ ನಿಯೋಗಿ, ಪೂರ್ಣ ಯಾಂತ್ರೀಕರಣಕ್ಕೆ ಬದಲಾಗಿ ಕೈಗಳನ್ನೂ ಉಳಿಸುವ ಅರೆ ಯಾಂತ್ರೀಕರಣದ ಯೋಜನೆ ಮುಂದಿಟ್ಟರು. ಕಾರ್ಮಿಕರ ದುಡ್ಡು ಮತ್ತು ಶ್ರಮದಿಂದ ಆಸ್ಪತ್ರೆ ಎದ್ದಿತು. ಕಾಡು ಮತ್ತು ನೀರು ಸಂಘದ ಅಜೆಂಡಾಕ್ಕೆ ಸೇರಿದವು. 1991ರ ಸೆಪ್ಟೆಂಬರ್ 28ರಂದು ಅವರನ್ನು ಮಲಗಿದ್ದಲ್ಲೇ ಕೊಂದರು. ರಾಷ್ಟ್ರೀಯ ಮೀನುಗಾರ ಕಾರ್ಮಿಕರ ವೇದಿಕೆ 1989ರಲ್ಲಿ ಮುಂಬೈ ಮತ್ತು ಕೋಲ್ಕತ್ತ ಕಡೆಗಳಿಂದ ಹೊರಡಿಸಿದ ಕರಾವಳಿ ಜಾಥಾದ ಘೋಷಣೆಯೇ ನೀರು ಉಳಿಸಿ, ಜೀವ ಉಳಿಸಿ ಎಂಬುದಾಗಿತ್ತು. ಮೇ 1ರಂದು ಕನ್ಯಾಕುಮಾರಿಯಲ್ಲಿ ಪೊಲೀಸರು ಗುಂಡು ಹಾರಿಸಿದರು. ಭೋಪಾಲದಲ್ಲಿ ಅನಿಲಪೀಡಿತ ಹೆಂಗಸರ ಲೇಖನಸಾಮಗ್ರಿ ಘಟಕದಲ್ಲಿ ಕೂಲಿಗಾಗಿ ಹುಟ್ಟಿದ ಸಂಘದ ರಶೀದಾ ಬೀ, ಚಂಪಾದೇವಿ ಶುಕ್ಲಾ, ಮುಂದೆ ಅನಿಲ ದುರಂತದ ಹೊಣೆ ಕೇಳಲು ಡೌ ಕಂಪನಿಯ ಬಾಗಿಲಿಗೂ ಹೋದರು. 2004ರಲ್ಲಿ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು.

ಕರ್ನಾಟಕದಲ್ಲಿ ಮೈತ್ರಿ ಇಲ್ಲದಿರುವಿಕೆಯ ಪಾಠ ಕುದುರೆಮುಖದ್ದು. ರಾಷ್ಟ್ರೀಯ ಉದ್ಯಾನದೊಳಗಿನ ಕಬ್ಬಿಣದ ಗಣಿಗಾರಿಕೆಯನ್ನು ನಿಲ್ಲಿಸಲು 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ಆದೇಶಿಸಿತು. 2005ರ ಡಿಸೆಂಬರ್ ಕೊನೆಗೆ ಗಣಿ ನಿಂತಿತು. ಭದ್ರೆಯ ಮೂಲದಲ್ಲಿ ಹೂಳು ಸುರಿಯುವುದು ನಿಲ್ಲಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಮೂರು ವರ್ಷಗಳ ಆ ಅವಧಿ ಕಾರ್ಮಿಕರೂ ಪರಿಸರದವರೂ ಒಂದೇ ಮೇಜಿಗೆ ಬರಲು ಸಾಕಾಗಿತ್ತು. ಬರಲಿಲ್ಲ. ಪಟ್ಟಣ ಖಾಲಿಯಾಯಿತು.

ಪಾವಗಡದ ಸೌರ ಪಾರ್ಕಿನಲ್ಲಿ ಪ್ರಶ್ನೆ ಬೇರೆ ರೂಪದಲ್ಲಿದೆ. ಸುಮಾರು 13,000 ಎಕರೆ, 2,050 ಮೆಗಾವಾಟ್. ಜಮೀನನ್ನು ಕಿತ್ತುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಬಾಡಿಗೆ ಕೊಡುವ ಕ್ರಮ ದೇಶಕ್ಕೇ ಮಾದರಿ ಎನಿಸಿತು. ಬಾಡಿಗೆ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಕುರಿ ಮೇಯಿಸುತ್ತಿದ್ದ ಭೂರಹಿತರಿಗೆ ಬಾಡಿಗೆ ಇಲ್ಲ. ಕಾವಲು, ಹುಲ್ಲು ಕೊಯ್ಯುವುದು, ಫಲಕ ತೊಳೆಯುವಂಥ ಗುತ್ತಿಗೆ ಕೆಲಸ ಕೆಲವರಿಗೆ ಮಾತ್ರ. ಅವರ ಪರವಾಗಿ ಕಂಪನಿಗಳೊಡನೆ ಚೌಕಾಸಿ ಮಾಡುವ ಬಲವಾದ ಸಂಘವೂ ಬೆಳೆದಿಲ್ಲ.

ಕಸದ ಕ್ಷೇತ್ರದಲ್ಲಿ ಪರಿಸರ ಮತ್ತು ದುಡಿಮೆಯ ಎಳೆಗಳು ಸೇರಿವೆ. ಪುಣೆಯಲ್ಲಿ 1993ರಲ್ಲಿ ಹುಟ್ಟಿದ ಚಿಂದಿ ಆಯುವವರ ಸಂಘ, ತಮ್ಮ ದುಡಿಮೆಯಿಂದ ನಗರಕ್ಕೂ ಪರಿಸರಕ್ಕೂ ಆಗುವ ಉಳಿತಾಯವನ್ನು ತೋರಿಸಿ, ಮುಂದೆ ‘ಸ್ವಚ್ಛ್’ ಸಹಕಾರಿಯ ಮೂಲಕ ಪಾಲಿಕೆಯೊಡನೆ ಒಪ್ಪಂದ ಪಡೆಯಿತು. ಬೆಂಗಳೂರಿನಲ್ಲಿ 2011ರ ನಂತರ ಚಿಂದಿ ಆಯುವವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿತು. ‘ಹಸಿರು ದಳ’ ಎಂಬ ಅವರ ಸಂಘಟನೆಯ ಸದಸ್ಯರು ವಾರ್ಡುಗಳ ಒಣ ಕಸ ಸಂಗ್ರಹ ಕೇಂದ್ರಗಳನ್ನು ನಡೆಸತೊಡಗಿದರು. ಇದೇ ನಗರದ ಪೌರಕಾರ್ಮಿಕರು 2022ರ ಜುಲೈನಲ್ಲಿ ಮುಷ್ಕರ ಹೂಡಿ, 2025ರ ಮೇ 1ರಂದು 12 ಸಾವಿರಕ್ಕೂ ಹೆಚ್ಚು ಮಂದಿ ಖಾಯಂ ನೇಮಕಾತಿ ಪತ್ರ ಪಡೆದರು. ಮನೆಮನೆಯಿಂದ ಕಸ ಎತ್ತುವ ಆಟೋಗಳ ಚಾಲಕರ ಮತ್ತು ಸಹಾಯಕರ ಖಾಯಮಾತಿಯ ಬೇಡಿಕೆ ಆ ಪತ್ರಗಳಿಂದ ಈಡೇರಲಿಲ್ಲ.